ಪಿಕೆನ್ಸ್ ಗೇಟಿಗೆ ಅಡ್ಡ ನಿಂತ ಗಾಡಿ

"ನಿಮ್ಮ ಜನಕ್ಕೆ ಒಬ್ಬೊಬ್ಬರಿಗೆ ಎಷ್ಟು ಜನ ತಾಯಂದಿರಮ್ಮಾ?" ಅಂದ ಕೆಸ್ಲರ್. ಕೈಯಲ್ಲಿದ್ದ ಕಾಫಿ ಲೋಟ ಕೆಳಗಿಡಲಿಲ್ಲ, ಎದುರಿಗಿದ್ದ ಕುರ್ಚಿ ತೋರಿಸಲಿಲ್ಲ. "ಹೋದ ವರ್ಷ ತಾಯಿ ಸತ್ಲು ಅಂತ ಮೂರು ದಿನ ರಜಾ ತಗೊಂಡಿದ್ದೀಯ. ಈ ವರ್ಷ ಇನ್ನೊಬ್ಬಳು ಸತ್ಲು ಅಂತೀಯ. ಮುಂದಿನ ವರ್ಷಕ್ಕೆ ಯಾರ‍್ಯಾರನ್ನ ಇಟ್ಕೊಂಡಿದ್ದೀಯ, ಈಗ್ಲೇ ಹೇಳಿಬಿಡು, ಬರ‍್ಕೊಂಡುಬಿಡೋಣ."

ಗೋಡೆಗೆ ಒರಗಿ ನಿಂತಿದ್ದ ಇಬ್ಬರು ಡ್ರೈವರುಗಳು ನಕ್ಕರು. ನಗದಿದ್ದರೆ ನಾಳೆ ತಮ್ಮ ಸರದಿ ಎಂದು ಅವರಿಗೆ ಗೊತ್ತು.

ಆರ್ವೆಲ್ಲಾ ಟಬ್ಸ್ ನಗಲಿಲ್ಲ. ಕಿತ್ತಳೆ ಬಣ್ಣದ ಕಂಪನಿ ಜಾಕೀಟಿನ ಒಳಗೆ ಕಪ್ಪು ರವಿಕೆ ಹಾಕಿಕೊಂಡು ಬಂದಿದ್ದಳು. ರಜೆ ಸಿಕ್ಕರೆ ಜಾಕೀಟು ಬಿಚ್ಚಿ ನೇರ ಚರ್ಚಿಗೆ ಹೋಗುವುದೆಂದು ಅವಳ ಆಸೆ. "ತಾಯಿ ಅಲ್ಲ ಸಾರ್, ದೊಡ್ಡಮ್ಮ. ಹೆತ್ತೋಳು ನಾನು ನಾಲ್ಕು ವರ್ಷದ ಕೂಸಾಗಿದ್ದಾಗ್ಲೇ ನನ್ನ ಬಿಟ್ಟು ಡೆಟ್ರಾಯಿಟ್‌ಗೆ ಓಡೋದ್ಲು. ಅವ್ಳು ಸತ್ತಾಗ ನೀವೇ ರಜಾ ಕೊಟ್ರಿ, ನಾ ಬ್ಯಾಡ ಅಂದ್ರೂ ಕೊಟ್ರಿ. ಇವ್ಳು ಅನ್ನ ಹಾಕ್ದೋಳು ಸಾರ್. ಇವತ್ತು ಹತ್ತಕ್ಕೆ ಮಣ್ಣು."

"ದೊಡ್ಡಮ್ಮ ನಿಯಮದಲ್ಲಿ ಇಲ್ಲ."

"ಒಂದು ದಿನ ಸಾರ್. ಅರ್ಧ ದಿನ."

"ತಗೋ. ಯಾರು ಬೇಡ ಅಂದ್ರು?" ಕೆಸ್ಲರ್ ಕಂಪ್ಯೂಟರ್ ಕಡೆ ತಿರುಗಿದ. "ನಿನ್ನ ಹಾಜರಿ ಅಂಕ ಮುಗಿದಿದೆ. ಆಸ್ಪತ್ರೆಗೆ ಅಂತ ಹೋಗಿ ಹೋಗಿ ಕಳ್ಕೊಂಡಿದ್ದೀಯ. ಇವತ್ತು ಗಾಡಿ ಹತ್ತದೆ ಹೋದ್ರೆ ನಾಳೆ ಬರೋ ತೊಂದರೆ ತಗೋಬೇಡ."

ಕೆಸ್ಲರ್ ಈ ಬ್ರೆಂಟ್‌ಫೀಲ್ಡ್ ರೈಲು ಯಾರ್ಡಿನ ಗಾಡಿಗಳ ಮೇಲ್ವಿಚಾರಕ. ಕಾಲೇಜು ಮುಗಿಸಿ ನೆಟ್ಟಗೆ ಆ ಕುರ್ಚಿಗೆ ಬಂದವನು; ಗಾಡಿಯ ಕೊಂಡಿಯನ್ನು ಕೈಯಾರೆ ಮುಟ್ಟಿದ್ದು ಫೋಟೋ ತೆಗೆಸಿಕೊಳ್ಳುವಾಗ ಮಾತ್ರ. ಆರ್ವೆಲ್ಲಾ ಅವನ ಅಕ್ಕನ ವಯಸ್ಸಿನವಳು. ಬಾಯಿಗೆ ಬಂದದ್ದನ್ನು ನುಂಗಿಕೊಂಡು ಲಾಟೀನು, ರೇಡಿಯೋ ಎತ್ತಿಕೊಂಡು ಹೊರಗೆ ಬಂದಳು.

*

ಇಂಜಿನ್ನಿನೊಳಗೆ ರಾಯ್ಸ್ ಕಾಯುತ್ತಿದ್ದ. ನರೆತ ಗಡ್ಡದ ಬಿಳಿಯ, ಮುಂದಿನ ಚಳಿಗಾಲಕ್ಕೆ ನಿವೃತ್ತಿ. ಅವನದು ಡ್ರೈವರ್ ಕೆಲಸ, ಇವಳದು ಕೊಂಡಿ, ಬ್ರೇಕು ನೋಡಿಕೊಳ್ಳುವ ಕಂಡಕ್ಟರ್ ಕೆಲಸ. ಮೂರು ಮೈಲಿ ಉದ್ದದ ಸರಕು ಗಾಡಿಗೆ ಇವರಿಬ್ಬರೇ ದಿಕ್ಕು.

"ಕೊಟ್ನಾ?" ಅಂದ.

"ಕೊಟ್ಟ, ಚೆನ್ನಾಗಿ ಕೊಟ್ಟ."

ರಾಯ್ಸ್ ಬ್ಯಾಗಿನಿಂದ ಹೆಂಡತಿ ಮಾಡಿಕೊಟ್ಟಿದ್ದ ಬಿಸ್ಕೆಟ್ ರೊಟ್ಟಿ ತೆಗೆದು ಅರ್ಧ ಮುರಿದು ಕೊಟ್ಟ. ಅವಳು ತಿನ್ನಲಿಲ್ಲ, ಹಿಡಿದುಕೊಂಡೇ ಕೂತಳು.

ಕಂಪನಿ ಒಂದನೇ ದರ್ಜೆಯದು. ವರ್ಷಕ್ಕೆ ಇಷ್ಟು ಗಳಿಸಿದರೆ ಒಂದನೇ ದರ್ಜೆ, ಅದಕ್ಕಿಂತ ಕಡಿಮೆಯಾದರೆ ಎರಡನೆಯದು, ಇನ್ನೂ ಕಡಿಮೆಯಾದರೆ ಮೂರನೆಯದು ಎಂದು ವಾಷಿಂಗ್ಟನ್ನಿನಲ್ಲಿ ಕೂತವರು ಕಟ್ಟಿದ ಕಟ್ಟಳೆ. ಹಳಿ ಎಷ್ಟು ಗಟ್ಟಿಯಿದೆ, ಸರಕು ಹೊತ್ತಿಗೆ ಸರಿಯಾಗಿ ಸೇರುತ್ತದೋ ಇಲ್ಲವೋ, ಗಾಡಿ ಓಡಿಸುವವರು ನಿದ್ದೆ ಮಾಡಿದ್ದಾರೋ ಇಲ್ಲವೋ, ಇವು ಯಾವುವೂ ಆ ಕಟ್ಟಳೆಗೆ ಬೇಕಿಲ್ಲ. ಒಂದನ್ನೊಂದು ನುಂಗಿ ನುಂಗಿ ಈಗ ಇಡೀ ದೇಶದಲ್ಲಿ ಒಂದನೇ ದರ್ಜೆಯವು ಬೆರಳೆಣಿಕೆಯಷ್ಟು ಉಳಿದಿವೆ. ಲಾಭ ಕಾಣದ ಕವಲು ಹಳಿಗಳನ್ನು ಮೂರನೇ ದರ್ಜೆಯ ಬಡಪಾಯಿ ಕಂಪನಿಗಳಿಗೆ ಮಾರಿ ಕೈತೊಳೆದುಕೊಳ್ಳುತ್ತವೆ. ದಪ್ಪ ಹಳಿಯನ್ನು ತಾವಿಟ್ಟುಕೊಳ್ಳುತ್ತವೆ.

ಕೆಲವು ವರ್ಷದ ಹಿಂದೆ ಮೇಲಿನಿಂದ ಒಬ್ಬ ಮಹಾನುಭಾವ ಬಂದ. ಎರಡು ಗಾಡಿಯನ್ನು ಸೇರಿಸಿ ಒಂದು ಮಾಡಿದರೆ ಒಂದು ಜೊತೆ ಆಳು ಮಿಗುತ್ತದೆ ಎಂದು ಕಂಡುಹಿಡಿದ. ಮೂರನ್ನು ಸೇರಿಸಿದರೆ? ಎರಡು ಜೊತೆ. ಶೇರುದಾರರು ಚಪ್ಪಾಳೆ ತಟ್ಟಿದರು. ಗಾಡಿ ಉದ್ದವಾಯಿತು, ಗಾಡಿ ನಿಲ್ಲಿಸುವ ಪಕ್ಕದ ಹಳಿ ಮಾತ್ರ ಇದ್ದಷ್ಟೇ ಉಳಿಯಿತು. ಬ್ರೆಂಟ್‌ಫೀಲ್ಡ್ ಯಾರ್ಡಿನಲ್ಲಿ ಒಂದು ದಿಬ್ಬವಿತ್ತು. ವ್ಯಾಗನ್‌ಗಳನ್ನು ಅದರ ಮೇಲಿಂದ ಒಂದೊಂದಾಗಿ ಉರುಳಿಬಿಟ್ಟು, ಯಾವ ಊರಿನದು ಯಾವ ಸಾಲಿಗೆ ಎಂದು ವಿಂಗಡಿಸುತ್ತಿದ್ದರು. ಆ ದಿಬ್ಬವನ್ನೂ ಖರ್ಚು ಎಂದು ಮುಚ್ಚಿಸಿದರು. ಈಗ ಬಂದ ಗಾಡಿಗೆ ಒಳಗೆ ಜಾಗವಿಲ್ಲ. ಊರ ಹೊರಗಿನ ಕೆಂಪು ಸಿಗ್ನಲ್ಲಿನಲ್ಲಿ ಗಂಟೆಗಟ್ಟಲೆ ಬಿದ್ದಿರುತ್ತದೆ, ಅದರ ಬಾಲ ಯಾರ ಮನೆ ಬಾಗಿಲಿಗೆ ಅಡ್ಡ ಬಿತ್ತು ಎಂದು ಕೇಳುವವರಿಲ್ಲ.

ಅವತ್ತೂ ಹಾಗೇ ಆಯಿತು. ಹಿಂದಿನ ಊರಿನ ಯಾರ್ಡಿಗೆ ಹೋಗಿ, ಅಲ್ಲಿಂದ ಗಾಡಿ ತಂದು ಬ್ರೆಂಟ್‌ಫೀಲ್ಡ್ ಹತ್ತಿರಕ್ಕೆ ಬರುವಷ್ಟರಲ್ಲಿ ಕೆಂಪು ಬಿತ್ತು. ರಾಯ್ಸ್ ನಿಧಾನಕ್ಕೆ ಬ್ರೇಕು ಹಾಕಿದ. ಹಿಂದಿನ ವ್ಯಾಗನ್‌ಗಳೆಲ್ಲ ಒಂದರ ಬೆನ್ನಿಗೊಂದು ಗುದ್ದಿಕೊಂಡು ನಿಂತ ಸದ್ದು ದೂರದವರೆಗೂ ಹೋಯಿತು.

"ಪಿಕೆನ್ಸ್ ಗೇಟು ಎಲ್ಲಿಗೆ ಬಿತ್ತು ರಾಯ್ಸಣ್ಣಾ?"

ರಾಯ್ಸ್ ಅವಳ ಮುಖ ನೋಡಲಿಲ್ಲ. "ಮಧ್ಯಕ್ಕೆ. ಸರೀ ಮಧ್ಯಕ್ಕೆ."

ಪಿಕೆನ್ಸ್ ಬೀದಿಯಾಚೆಯ ಸ್ಲ್ಯಾಗ್ ಬಾಟಮ್ ಅವಳ ಕೇರಿ. ಒಂದು ಕಡೆ ಮುಚ್ಚಿಹೋದ ಉಕ್ಕಿನ ಕಾರ್ಖಾನೆಯ ಗೋಡೆ, ಇನ್ನೊಂದು ಕಡೆ ಕಪ್ಪು ನೀರಿನ ಹಳ್ಳ. ಹೋಗುವುದಕ್ಕೂ ಬರುವುದಕ್ಕೂ ಅದೊಂದೇ ಬೀದಿ, ಆ ಬೀದಿಗೆ ಅಡ್ಡಡ್ಡ ಹಳಿ. ಚರ್ಚು ಕೇರಿಯ ಒಳಗೆ, ಸ್ಮಶಾನ ಹಳಿಯ ಈಚೆಗೆ ಗುಡ್ಡದ ಮೇಲೆ. ಬಿಳಿಯರ ಸ್ಮಶಾನದ ಬೇಲಿಯ ಹಿಂದೆ ಕರಿಯರಿಗೆಂದು ಬಿಟ್ಟ ಜಾಗ. ಶನಿವಾರ ಗುಂಡಿ ತೋಡುವ ಆಳುಗಳು ಮಧ್ಯಾಹ್ನಕ್ಕೆ ಮನೆಗೆ ಹೋಗುತ್ತಾರೆ. ಅಷ್ಟರೊಳಗೆ ಪೆಟ್ಟಿಗೆ ಮೇಲೇರದಿದ್ದರೆ ದೊಡ್ಡಮ್ಮ ಸೋಮವಾರದವರೆಗೂ ಈ ಜೂನ್ ತಿಂಗಳ ಬಿಸಿಲಿನಲ್ಲಿ ಕಾಯಬೇಕು.

ಆರ್ವೆಲ್ಲಾ ರೇಡಿಯೋ ಎತ್ತಿಕೊಂಡಳು. "ಸಾರ್, ಗಾಡಿ ಪಿಕೆನ್ಸ್ ಗೇಟಿಗೆ ಅಡ್ಡ ನಿಂತಿದೆ. ಸಿಗ್ನಲ್‌ಗೆ ಇನ್ನೂ ಹತ್ತು ವ್ಯಾಗನ್ನಿನಷ್ಟು ಜಾಗ ಇದೆ. ಗೇಟಿನ ಹತ್ರ ಕೊಂಡಿ ಬಿಡಿಸಿ ಮುಂದಿನ ಭಾಗ ಎಳ್ಕೊಂಡ್ರೆ ರಸ್ತೆ ಬಿಡುತ್ತೆ. ಅಪ್ಪಣೆ ಕೊಡಿ, ನಾನು ನಡ್ಕೊಂಡು ಹೋಗಿ ಮಾಡ್ತೀನಿ."

"ಬೇಡ," ಅಂತು ಕೆಸ್ಲರ್ ದನಿ. "ಬಿಡಿಸೋಕೆ ಒಂದು ಗಂಟೆ, ಸೇರಿಸಿ ಬ್ರೇಕಿಗೆ ಗಾಳಿ ತುಂಬಿ ಪರೀಕ್ಷೆ ಮಾಡೋಕೆ ಇನ್ನೊಂದು ಗಂಟೆ. ನಡುವೆ ಹಸಿರು ಬಂದ್ರೆ ನನ್ನ ತಲೆಗೆ ಬರುತ್ತೆ."

"ಅಲ್ಲಿ ಹೆಣ ಕಾಯ್ತಿದೆ ಸಾರ್."

"ಸತ್ತೋರಿಗೆ ಏನಮ್ಮಾ ಅವಸರ?"

ರೇಡಿಯೋ ಆರಿತು. ರಾಯ್ಸ್ ಕಿಟಕಿಯಾಚೆ ನೋಡುತ್ತಾ ಕೂತ. ಅವಳು ಅವನತ್ತ ತಿರುಗಿದಳು.

"ಅಪ್ಪಣೆ ಇಲ್ದೆ ಎಳೀತೀಯಾ?"

"ಬೇಡ ವೆಲ್ಲಾ, ನನ್ನ ಕೇಳಬೇಡ. ಆರು ತಿಂಗಳಿದೆ ನಂಗೆ. ಈಗ ಕಿತ್ತಾಕಿದ್ರೆ ಪಿಂಚಣಿ ಗೋವಿಂದ."

ಅವನ ಮೇಲೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಅವನ ಜಾಗದಲ್ಲಿದ್ದರೆ ತಾನೂ ಅದನ್ನೇ ಹೇಳುತ್ತಿದ್ದೆ ಅನ್ನಿಸಿ ಇನ್ನಷ್ಟು ಸಂಕಟವಾಯಿತು. ಬಿಸ್ಕೆಟ್ ರೊಟ್ಟಿ ಅವಳ ಮುಷ್ಟಿಯಲ್ಲಿ ಪುಡಿಯಾಗಿತ್ತು.

ಹನ್ನೊಂದು ಹೊಡೆದ ಮೇಲೆ ರೇಡಿಯೋ ಮತ್ತೆ ಕಿರುಚಿತು. "ಟಬ್ಸ್! ಪಿಕೆನ್ಸ್ ಗೇಟಿನಲ್ಲಿ ಜನ ಗಾಡಿ ಮೇಲೆ ಹತ್ತುತ್ತಿದ್ದಾರಂತೆ. ನಮ್ಮ ಆಸ್ತಿ ಅದು. ಹೋಗಿ ಓಡಿಸು. ನಿನ್ನ ಜನ ತಾನೆ, ನಿನ್ನ ಮಾತು ಕೇಳ್ತಾರೆ. ಕೇಳದೆ ಇದ್ರೆ ಹೆಸರು ತಗೊಂಡು ಬಾ, ಪೊಲೀಸಿಗೆ ಕೊಡೋಣ."

*

ಇಂಜಿನ್ನಿನಿಂದ ಗೇಟಿಗೆ ಒಂದು ಮೈಲಿಗೂ ಮೇಲೆ. ಜಲ್ಲಿಯ ಮೇಲೆ ಬೂಟು ಹೊರಳುತ್ತಿತ್ತು. ಎಡಗಡೆಗೆ ಗೋಡೆಯಂತೆ ವ್ಯಾಗನ್‌ಗಳು: ಧಾನ್ಯದವು, ಕಾರು ತುಂಬಿದವು, ಕ್ಲೋರಿನ್ ತುಂಬಿದ ಟ್ಯಾಂಕುಗಳು.

ಈ ಹಳಿ ಅವಳಿಗೆ ಹೊಸದಲ್ಲ. ಶಾಲೆಗೆ ಹೋಗುವಾಗ ನಿಂತ ಗಾಡಿಯ ಕೆಳಗೆ ತೆವಳಿ ಹೋದ ಹುಡುಗಿಯರಲ್ಲಿ ಅವಳೂ ಒಬ್ಬಳು. ಗಾಳಿಯ ಪೈಪು ಉಸ್ ಅಂದರೆ ಗಾಡಿ ಹೊರಡುತ್ತದೆ, ಆಗ ಕಾಲಿಡಬೇಡ ಎಂದು ಹೇಳಿಕೊಟ್ಟವಳು ದೊಡ್ಡಮ್ಮ ಜಿನೋಲಾ. ಹೇಳಿಕೊಡುವಾಗ ಬೆನ್ನ ಮೇಲೆ ನಾಲ್ಕು ಬಿಟ್ಟಿದ್ದಳು, ಆಮೇಲೆ ಕೂತು ತಾನೇ ಅತ್ತಿದ್ದಳು. ಪಕ್ಕದ ಮನೆಯ ಡೆಲ್ಫಿನ್‌ಗೆ ಹೇಳಿಕೊಡುವವರಿರಲಿಲ್ಲ. ಅವಳ ಪಾದ ಹೋಯಿತು. ಹಳಿಯ ಮೇಲೆ ಅತಿಕ್ರಮಣ ಮಾಡಿದಳು ಎಂದು ಆಗಿನ ಕಂಪನಿ ಅವಳ ಅಪ್ಪನಿಗೇ ದಂಡ ಹಾಕಿಸಿತು.

ಆಸ್ಪತ್ರೆಯ ಹೊಲಸು ಬಟ್ಟೆ ಒಗೆದು ಮೂರು ಮಕ್ಕಳನ್ನು ಸಾಕಿದ ಹೆಂಗಸು ಜಿನೋಲಾ. ಆರ್ವೆಲ್ಲಾಗೆ ಕಂಪನಿ ಕೆಲಸ ಸಿಕ್ಕ ದಿನ ಕೇರಿಗೆಲ್ಲ ಸಿಹಿಗೆಣಸಿನ ಕಡುಬು ಹಂಚಿದ್ದಳು. 'ನಮ್ಮ ಹುಡುಗಿ ಒಂದನೇ ದರ್ಜೆ ರೈಲಲ್ಲವ್ಳೆ' ಎಂದು ಚರ್ಚಿನಲ್ಲಿ ಎದ್ದು ನಿಂತು ಹೇಳಿದ್ದಳು.

ಗೇಟಿನ ಗಂಟೆ ದೂರದಿಂದಲೇ ಕೇಳುತ್ತಿತ್ತು. ಗಾಡಿ ಅಡ್ಡ ನಿಂತಷ್ಟು ಹೊತ್ತೂ ಅದು ಬಾಯಿ ಮುಚ್ಚುವುದಿಲ್ಲ. ಚರ್ಚಿನೊಳಗೆ ಪಾದ್ರಿ ಪ್ರಾರ್ಥನೆ ಹೇಳುವಾಗಲೂ ಹೀಗೇ ಬಡಿದುಕೊಂಡಿರಬೇಕು.

ಎರಡು ಧಾನ್ಯದ ವ್ಯಾಗನ್ನುಗಳ ನಡುವೆ ತಲೆ ತೂರಿಸಿ ನೋಡಿದಳು. ಆಚೆಗೆ ಇಡೀ ಕೇರಿ ನಿಂತಿತ್ತು. ಗಂಡಸರು ಕೋಟು ಬಿಚ್ಚಿ ತೋಳಿಗೆ ಹಾಕಿಕೊಂಡಿದ್ದರು, ಹೆಂಗಸರು ಟೋಪಿಯ ಕೆಳಗೆ ಬೆವರು ಒರೆಸುತ್ತಿದ್ದರು. ಶವದ ಕಾರಿನ ಹಿಂಬಾಗಿಲು ತೆರೆದಿತ್ತು. ಪೆಟ್ಟಿಗೆಯನ್ನು ಆಗಲೇ ಹೊರಗೆಳೆದು ಆರು ಜನ ಭುಜಕ್ಕೆ ಹೊತ್ತಿದ್ದರು. ದೊಡ್ಡಮ್ಮನ ಮಗ ಆಲ್ಟನ್ ಎಲ್ಲರಿಗಿಂತ ಮುಂದಿದ್ದ. ಕಿತ್ತಳೆ ಜಾಕೀಟು ಕಂಡದ್ದೇ ತಡ, ಅವನ ಕಣ್ಣು ಕೆಂಪಾಯಿತು.

"ಬಂದ್ಲಪ್ಪಾ ಕಂಪನಿ ಸೊಸೆ! ಸಾಕ್ದೋಳ ಮಣ್ಣಿಗೆ ಬರಕ್ಕೆ ಪುರ‍್ಸೊತ್ತಿಲ್ಲ, ಅಡ್ಡ ಹಾಕಕ್ಕೆ ಪುರ‍್ಸೊತ್ತು ಅದೆ. ನಿನ್ನ ಗಾಡಿ ಏನೇ ಇದು, ಹಡಬೆ?"

"ಹೂಂ. ನಂದೇ."

ಆಲ್ಟನ್ ಇಂಥ ಉತ್ತರ ಎಣಿಸಿರಲಿಲ್ಲ. ಇನ್ನೂ ಜೋರಾದ.

"ಥೂ ನಿನ್ನ! ಯಾತಕ್ ಬಂದೆ ಈಗ? ನಮ್ಮನ್ನ ಓಡ್ಸಕ್ಕಾ?"

"ಓಡ್ಸು ಅಂತ್ಲೇ ಕಳ್ಸವ್ರೆ. ನಿಮ್ಮ ಹೆಸರು ಬರ‍್ಕೊಂಡು ಬರ‍್ಬೇಕಂತೆ."

"ಬರ‍್ಕೊಳ್ಳೇ! ಆಲ್ಟನ್ ಟಬ್ಸ್ ಅಂತ ಬರ‍್ಕೊ. ಆ ಸೂಳೆಮಗ ಮೇಲಧಿಕಾರಿಗೆ ಹೇಳು, ಜಿನೋಲಾ ಟಬ್ಸ್ ಅನ್ನೋ ಹೆಣ ಅತಿಕ್ರಮಣ ಮಾಡ್ತು ಅಂತ, ಅವ್ಳನ್ನೂ ಜೈಲಿಗಾಕು ಅಂತ!"

"ಆಲ್ಟನ್, ಹೆಗಲ ಮೇಲೆ ನಿಮ್ಮವ್ವ ಅವ್ಳೆ, ಬಾಯಿ ಬಿಗಿ ಹಿಡಿ," ಅಂದರು ಪಾದ್ರಿ ಗ್ಯಾಡಿಸ್. ಆಮೇಲೆ ಆರ್ವೆಲ್ಲಾಳ ಕಡೆ ತಿರುಗಿದರು. ಅವರ ದನಿಯೂ ಸೋತಿತ್ತು. "ಶವದ ಕಾರಿನೋನು ಮಧ್ಯಾಹ್ನ ಇನ್ನೊಂದು ಮಣ್ಣಿದೆ ಅಂತಾವ್ನೆ. ಗುಂಡಿಯೋರು ಹನ್ನೆರಡಕ್ಕೆ ಹೋಯ್ತಾರೆ. ಪೊಲೀಸಿಗೆ ಫೋನ್ ಮಾಡ್ದೆ, ರೈಲಿನೋರ್ನ ಕೇಳಿ ಅಂದ್ರು. ರೈಲಿನೋರ್ಗೆ ಮಾಡ್ದೆ, ಬರೀ ಸಂಗೀತ ಕೇಳ್ಸುದ್ರು. ಇನ್ನೇನ್ ಮಾಡದು ತಾಯಿ? ಮೇಲಿಂದ ದಾಟುಸ್ತೀವಿ. ಈ ಹಾಳಾದ್ದು ಯಾವಾಗ ಅಲ್ಲಾಡ್ತದೋ ಅಂತ ಒಂದೇ ಭಯ."

ಗಾಡಿ ಯಾವಾಗ ಅಲ್ಲಾಡುತ್ತದೋ ಆರ್ವೆಲ್ಲಾಗೂ ಗೊತ್ತಿರಲಿಲ್ಲ. ಹಸಿರು ಬಿದ್ದರೆ ರಾಯ್ಸ್ ಎಳೆಯುತ್ತಾನೆ. ಒಂದು ಮೈಲಿ ದೂರದಲ್ಲಿ ಕೂತವನಿಗೆ ಇಲ್ಲಿ ಕೊಂಡಿಯ ಮೇಲೆ ಪೆಟ್ಟಿಗೆ ಹೊತ್ತು ನಿಂತವರು ಕಾಣುವುದಿಲ್ಲ.

ಕಂಪನಿಯ ಕಟ್ಟಳೆಗಳಲ್ಲಿ ಒಂದೇ ಒಂದು ಮಾತ್ರ ಆಳಿನ ಕೈಯಲ್ಲಿದೆ. ಎರಡು ವ್ಯಾಗನ್ನಿನ ನಡುವೆ ಇಳಿಯುವ ಮುಂಚೆ ಕಂಡಕ್ಟರ್ ರೇಡಿಯೋದಲ್ಲಿ ರಕ್ಷಣೆ ಕೇಳಬೇಕು. ಡ್ರೈವರ್ ಬ್ರೇಕು ಬಿಗಿದು, ಇಂಜಿನ್ನು ಸುಮ್ಮನಾಗಿಸಿ, ಹಿಂದೆಮುಂದೆ ಓಡಿಸುವ ಹಿಡಿಕೆಯನ್ನು ನಡುವಿಗೆ ತಂದಿಟ್ಟು, ಕೊಟ್ಟೆ ಅನ್ನಬೇಕು. ಆಮೇಲೆ ಕೇಳಿದವಳು ತನ್ನ ಬಾಯಿಯಿಂದ ಹೊರಗೆ ಬಂದೆ ಎನ್ನುವ ತನಕ ಗಾಡಿ ಒಂದು ಗೇಣೂ ಕದಲುವಂತಿಲ್ಲ. ಎಷ್ಟೋ ಜನ ನಡುವೆ ಸಿಕ್ಕಿ ಅಪ್ಪಚ್ಚಿಯಾದ ಮೇಲೆ ಬಂದ ಕಟ್ಟಳೆ ಅದು.

ಅವಳು ರೇಡಿಯೋದ ಗುಂಡಿ ಒತ್ತಿದಳು. "ರಾಯ್ಸ್, ನಾನು ಪಿಕೆನ್ಸ್ ಗೇಟಿನಲ್ಲಿ ವ್ಯಾಗನ್ ನಡುವೆ ಹೋಗ್ತಿದ್ದೀನಿ. ರಕ್ಷಣೆ ಕೊಡು."

ಗೊರಗೊರದ ನಡುವೆ ರಾಯ್ಸ್ ದನಿ ಬಂತು. "ಏನು ಕೆಲಸ ಅಲ್ಲಿ?"

"ಗಾಳಿ ಪೈಪು ಸೋರ‍್ತಿದೆ. ನೋಡ್ಬೇಕು."

ಸೋರುತ್ತಿಲ್ಲವೆಂದು ರಾಯ್ಸ್‌ಗೆ ಗೊತ್ತು, ಅವನ ಮುಂದಿರುವ ಗಾಳಿ ಅಳೆಯುವ ಮುಳ್ಳು ಸುಳ್ಳು ಹೇಳುವುದಿಲ್ಲ. ಅವಳು ಕಾದಳು. ಆಲ್ಟನ್ನನ ಹೆಗಲ ಮೇಲೆ ಪೆಟ್ಟಿಗೆ ನಡುಗುತ್ತಿತ್ತು.

"ರಕ್ಷಣೆ ಕೊಟ್ಟಿದ್ದೀನಿ," ಅಂದ ರಾಯ್ಸ್. "ಹುಷಾರು ಮಾರಾಯ್ತಿ."

ಆರ್ವೆಲ್ಲಾ ರೇಡಿಯೋವನ್ನು ಸೊಂಟಕ್ಕೆ ಸಿಕ್ಕಿಸಿ ಧಾನ್ಯದ ವ್ಯಾಗನ್ನಿನ ತುದಿಯ ಜಗಲಿ ಹತ್ತಿದಳು. "ಈಗ ಅಲ್ಲಾಡಲ್ಲ. ನಾ ಹೇಳೋಗಂಟ ಅಲ್ಲಾಡಲ್ಲ. ಕೊಡ್ರಿ ಇತ್ಲಾಗೆ. ತಲೆ ಭಾಗ ಮುಂದಕ್ಕೆ. ಆಲ್ಟನ್, ಆ ಕಬ್ಬಿಣದ ಮೇಲೆ ಕಾಲಿಡಬ್ಯಾಡ, ಎಣ್ಣೆ ಜಾರ‍್ತದೆ!"

ಆಲ್ಟನ್ ಅವಳ ಮುಖ ನೋಡಿದ. ಬೈಯುವುದನ್ನು ಬಿಟ್ಟು ಪೆಟ್ಟಿಗೆಯ ಮುಂಭಾಗ ಎತ್ತಿ ಅವಳ ಕೈಗೆ ಕೊಟ್ಟ. ಬಡವರ ಪೆಟ್ಟಿಗೆ, ಹಗುರವಾಗಿರಬೇಕಿತ್ತು, ಹಾಗಿರಲಿಲ್ಲ. ದೊಡ್ಡಮ್ಮನ ಮೈ ಒಳಗೆ ಒಂದು ಪಕ್ಕಕ್ಕೆ ಜರುಗಿ ದಡ್ ಎಂದು ಮರಕ್ಕೆ ತಾಗಿದ್ದು ಎಲ್ಲರಿಗೂ ಕೇಳಿಸಿತು. ಹೆಂಗಸೊಬ್ಬಳು 'ಅಯ್ಯೋ ಯೇಸಪ್ಪಾ' ಎಂದು ಕೂಗಿದಳು. ಮುಚ್ಚಳದ ಮೇಲಿದ್ದ ಬಿಳಿ ಹೂವಿನ ಹಾರ ಕಳಚಿ ಕೊಂಡಿಯ ಕೆಳಗೆ ಬಿತ್ತು.

ಪೆಟ್ಟಿಗೆ ಈಚೆಗೆ ಬಂತು. ಅದಕ್ಕಿಂತ ಕಷ್ಟವಾದದ್ದು ಬದುಕಿದ್ದವರದು. ಸೊಂಟ ಹಿಡಿದವರು, ಮಂಡಿ ಹೋದವರು, ಹಾಲು ಕುಡಿಯುವ ಕೂಸುಗಳು. ಜಿನೋಲಾಳ ಜೊತೆಗೆ ಮೂವತ್ತು ವರ್ಷ ಬಟ್ಟೆ ಒಗೆದ ಮಿಸ್ ಟೆನ್ನಿಯನ್ನು ಇಬ್ಬರು ಗಂಡಸರು ಕೆಳಗಿನಿಂದ ನೂಕಿದರು, ಆರ್ವೆಲ್ಲಾ ಮೇಲಿಂದ ಕಂಕುಳಿಗೆ ಕೈ ಹಾಕಿ ಎಳೆದಳು. ಮುದುಕಿಯ ಟೋಪಿ ಬಿತ್ತು. ಲಂಗ ಒಂದು ಕೊಕ್ಕೆಗೆ ಸಿಕ್ಕಿ ತೊಡೆಯವರೆಗೂ ಹರಿಯಿತು. ಇಡೀ ಕೇರಿಯ ಗಂಡಸರ ಮುಂದೆ ತನ್ನ ಒಳಬಟ್ಟೆ ಕಂಡಿತೆಂದು ಮಿಸ್ ಟೆನ್ನಿ ಮುಖ ಮುಚ್ಚಿಕೊಂಡು ಅತ್ತಳು.

"ಸತ್ತೋಳೇ ಪುಣ್ಯವಂತೆ ಕಣೇ," ಅಂದಳು. "ಪೆಟ್ಗೆ ಒಳ್ಗೆ ಮುಚ್ಕೊಂಡವ್ಳೆ."

ಆರ್ವೆಲ್ಲಾ ತನ್ನ ಕಿತ್ತಳೆ ಜಾಕೀಟು ಬಿಚ್ಚಿ ಅವಳ ಸೊಂಟಕ್ಕೆ ಕಟ್ಟಿದಳು.

ಆಗ ರೇಡಿಯೋ ಬಡಿದುಕೊಂಡಿತು. ಹಸಿರು ಬಿದ್ದಿತ್ತು.

"ಟಬ್ಸ್, ಹೊರಗೆ ಬಾ. ಗಾಡಿ ಹೊರಡಬೇಕು."

"ಕೆಲಸ ಮುಗಿದಿಲ್ಲ ಸಾರ್."

"ಏನು ಕೆಲಸ? ರಾಯ್ಸ್, ಏನು ಮಾಡ್ತಿದ್ದಾಳೆ ಅವಳು? ನೀನು ಎಳಿ!"

"ಎಳೆಯೋಕೆ ಬರಲ್ಲ ಸಾರ್," ಅಂದ ರಾಯ್ಸ್. ದನಿ ತೀರಾ ಮೆತ್ತಗಿತ್ತು. "ಅವಳು ಒಳಗಿದ್ದಾಳೆ. ಅವಳ ಬಾಯಿಂದಲೇ ಬರಬೇಕು. ಹೋದ ತಿಂಗಳು ನೀವೇ ನಮ್ಮನ್ನೆಲ್ಲ ಕೂರಿಸಿ ಪಾಠ ಮಾಡಿದ್ರಿ."

"ಬೇರೆ ಕಂಡಕ್ಟರ್ ಕಳಿಸ್ತೀನಿ!"

"ಯಾರನ್ನ ಸಾರ್?"

ಕೆಸ್ಲರ್ ಹತ್ತಿರ ಕಳಿಸಲು ಯಾರೂ ಇರಲಿಲ್ಲ. ಅಂಥ ಸಮಯಕ್ಕೆಂದು ಇಟ್ಟುಕೊಂಡಿದ್ದ ಹೆಚ್ಚಿನ ಆಳುಗಳನ್ನೆಲ್ಲ ಅವನೇ ಖುದ್ದಾಗಿ ಮನೆಗೆ ಕಳಿಸಿದ್ದ.

ಕೊನೆಯ ಕೂಸನ್ನೂ ದಾಟಿಸಿ ಆರ್ವೆಲ್ಲಾ ಗುಡ್ಡದ ಕಡೆಗೆ ಇಳಿದಳು. ಅವಳ ಹೆಬ್ಬೆರಳು ರೇಡಿಯೋ ಗುಂಡಿಯ ಮೇಲಿತ್ತು. ಹೊರಗೆ ಬಂದೆ ಎನ್ನಬೇಕು, ಅಷ್ಟೇ. ಪೈಪು ಸೋರುತ್ತಿತ್ತು, ಸರಿಮಾಡಿದೆ ಅಂದರೆ ಕೆಸ್ಲರ್ ಬಾಯಿಗೆ ಬಂದಂತೆ ಬೈದು ಸುಮ್ಮನಾಗುತ್ತಿದ್ದನೇನೋ. ಕೆಲಸ ಉಳಿದರೂ ಉಳಿಯುತ್ತಿತ್ತು. ಮನೆಸಾಲ, ಮಗಳ ಕಾಲೇಜು ಎಲ್ಲ ಒಂದು ಸಲ ಕಣ್ಣ ಮುಂದೆ ಬಂದವು.

ಮುಂದೆ ಪೆಟ್ಟಿಗೆ ಓಲಾಡುತ್ತಾ ಗುಡ್ಡ ಹತ್ತುತ್ತಿತ್ತು. ಹೊತ್ತವರಲ್ಲಿ ಒಬ್ಬನಿಗೆ ದಾಟುವಾಗ ಪಾದ ಉಳುಕಿ ಅವನು ಹಿಂದೆ ಕುಂಟುತ್ತಿದ್ದ. ಎಡಗಡೆಯ ಮೂಲೆ ಹಿಡಿಯುವವರಿಲ್ಲದೆ ಕೆಳಗೆ ಜೋಲುತ್ತಿತ್ತು. ಅವಳು ಗುಂಡಿಯಿಂದ ಬೆರಳು ತೆಗೆದಳು, ಓಡಿಹೋಗಿ ಆ ಮೂಲೆಗೆ ಹೆಗಲು ಕೊಟ್ಟಳು.

ಮುಂದಿದ್ದ ಆಲ್ಟನ್ ತಿರುಗಿ ನೋಡದೆಯೇ ಕೇಳಿದ. "ಗಾಡಿ ಬುಟ್ಯಾ?"

"ಇಲ್ಲ."

"ಕೆಲ್ಸ ಹೋಯ್ತದೆ ಕಣೇ ವೆಲ್ಲಾ."

"ಹೆಜ್ಜೆ ಸರಿಯಾಗಿ ಇಡು, ಅವ್ವ ಅಲ್ಲಾಡ್ತಾವ್ಳೆ."

*

ಗುಂಡಿಯವರು ಹೋಗಿಬಿಟ್ಟಿದ್ದರು. ಮಣ್ಣಿನ ಗುಡ್ಡೆಯ ಮೇಲೆ ಎರಡು ಸಲಿಕೆ ಚುಚ್ಚಿಟ್ಟು, ಹಗ್ಗ ಅಲ್ಲೇ ಎಸೆದು ಹೋಗಿದ್ದರು. ಪಾದ್ರಿ ಚರ್ಚಿನಲ್ಲಿ ಗಂಟೆಯ ಗಲಾಟೆಗೆ ಅರ್ಧಕ್ಕೇ ನಿಲ್ಲಿಸಿದ್ದ ಪ್ರಾರ್ಥನೆಯನ್ನು ಇಲ್ಲಿ ಮೊದಲಿಂದ ಹೇಳಿದರು. ಹೆಂಗಸರು ಹಾಡಿದರು. ಪೆಟ್ಟಿಗೆಯನ್ನು ಹಗ್ಗದಲ್ಲಿ ಇಳಿಸಿದಾಗ ಆರ್ವೆಲ್ಲಾ ಅತ್ತಳು, ಬೆಳಗಿನಿಂದ ತಡೆದುಕೊಂಡದ್ದನ್ನೆಲ್ಲ ಬಿಕ್ಕಿ ಬಿಕ್ಕಿ ಅತ್ತಳು. ಸೊಂಟದಲ್ಲಿ ರೇಡಿಯೋ ಅವಳ ಹೆಸರು ಕರೆಯುತ್ತಲೇ ಇತ್ತು.

ಗುಡ್ಡದ ಮೇಲಿಂದ ಗಾಡಿ ಪೂರ್ತಿ ಕಾಣುತ್ತಿತ್ತು. ಊರನ್ನು ಎರಡು ಸೀಳು ಮಾಡಿ ಮಲಗಿತ್ತು. ಅದರ ಹಿಂದೆ ಇನ್ನೊಂದು ಗಾಡಿ ಬಂದು ನಿಂತಿತ್ತು. ಅದರ ಹಿಂದೆ ಮತ್ತೊಂದರ ಹೊಗೆ. ಈ ಸಲ ಬಾಲ ಸ್ಲ್ಯಾಗ್ ಬಾಟಮ್ ದಾಟಿ ದೊಡ್ಡವರ ಬಡಾವಣೆಗಳ ಗೇಟುಗಳಿಗೂ ಅಡ್ಡ ಬಿದ್ದಿತ್ತು. ದೂರದಲ್ಲಿ ಕಾರುಗಳ ಹಾರನ್ನು ಒಂದೇ ಸಮನೆ ಕೇಳುತ್ತಿತ್ತು.

ಬಿಳಿ ಪಿಕಪ್ ಒಂದು ಧೂಳೆಬ್ಬಿಸಿಕೊಂಡು ಮೇಲೆ ಬಂತು. ಕೆಸ್ಲರ್ ಇಳಿದ. ತಲೆಗೆ ಹೆಲ್ಮೆಟ್ಟು, ಕಿವಿಗೆ ಫೋನು. "ಬಂದೆ ಸಾರ್, ಸಿಕ್ಕಿದಳು ಸಾರ್, ಎರಡೇ ನಿಮಿಷ ಸಾರ್," ಅನ್ನುತ್ತಿದ್ದ. ಫೋನಿನ ಆಚೆಗಿದ್ದವನು ಯಾರೋ, ಅವನನ್ನು ಚೆನ್ನಾಗಿ ಉಗಿಯುತ್ತಿರಬೇಕು. ಮುಖ ಬಿಳಿಚಿಕೊಂಡಿತ್ತು.

"ಒಳಗಿದ್ದೀನಿ ಅಂದೆಯಲ್ಲ! ಇಲ್ಲೇನು ಮಾಡ್ತಿದ್ದೀಯ?"

"ಸುಳ್ಳು ಹೇಳಿದೆ ಸಾರ್."

"ನಿನ್ನ ಕೆಲಸ ಹೋಯ್ತು, ಗೊತ್ತಾ?"

"ಗೊತ್ತು."

ಹೆದರಿಸಲು ಕೆಸ್ಲರ್ ಹತ್ತಿರ ಇದ್ದದ್ದು ಅದೊಂದೇ, ಅದನ್ನು ಆಗಲೇ ಖರ್ಚು ಮಾಡಿಬಿಟ್ಟಿದ್ದ. ತನ್ನ ರೇಡಿಯೋ ತೆಗೆದು ಕಿರುಚಿದ. "ರಾಯ್ಸ್! ನನ್ನ ಕಣ್ಣಾರೆ ನೋಡ್ತಿದ್ದೀನಿ. ಅವಳು ಹೊರಗೇ ಇದ್ದಾಳೆ, ಸ್ಮಶಾನದಲ್ಲಿದ್ದಾಳೆ. ಗಾಡಿ ಬಿಡು!"

"ನೀವು ಹೇಳಿದ್ರೆ ಆಗಲ್ಲ ಸಾರ್. ರಕ್ಷಣೆ ಕೇಳಿದ್ದು ಅವಳು."

"ನಿನ್ನ ಪಿಂಚಣಿ..."

"ಸಾರ್, ಇದೆಲ್ಲ ರೆಕಾರ್ಡ್ ಆಗ್ತಿದೆ," ಅಂದ ರಾಯ್ಸ್. "ಒಳಗೆ ಆಳಿದ್ದಾಗ ಗಾಡಿ ಎಳಿ ಅಂತ ಇನ್ನೊಂದು ಸಲ ಹೇಳಿ. ನಿಮ್ಮ ಹೆಸರೂ ಹೇಳಿಬಿಡಿ."

ಕೆಸ್ಲರ್ ರೇಡಿಯೋ ಕೆಳಗಿಳಿಸಿ ಆರ್ವೆಲ್ಲಾಳ ಸೊಂಟದ ಕಡೆ ಒಂದು ಹೆಜ್ಜೆ ಇಟ್ಟ. ಆಲ್ಟನ್ ಮಣ್ಣಿನ ಗುಡ್ಡೆಯಿಂದ ಒಂದು ಸಲಿಕೆ ಕಿತ್ತುಕೊಂಡ. ಪಾದ್ರಿ ಗ್ಯಾಡಿಸ್ ಇಬ್ಬರ ನಡುವೆ ಬಂದು ನಿಂತರು. ಗುಂಡಿಯ ಸುತ್ತ ಇದ್ದವರೆಲ್ಲ ಮೆಲ್ಲಗೆ ಹತ್ತಿರ ಸರಿದರು. ಯಾರೂ ಕೈ ಎತ್ತಲಿಲ್ಲ.

"ಮೊದ್ಲು ತಲೆ ಮೇಲಿಂದು ತೆಗಿಯಪ್ಪಾ," ಅಂದಳು ಮಿಸ್ ಟೆನ್ನಿ. ಹರಿದ ಲಂಗದ ಮೇಲೆ ಕಂಪನಿಯ ಕಿತ್ತಳೆ ಜಾಕೀಟು ಸುತ್ತಿಕೊಂಡು ಮಡಚುವ ಕುರ್ಚಿಯಲ್ಲಿ ಕೂತಿದ್ದಳು. "ಹೆಣದ ಮುಂದೆ ನಿಂತಿದ್ದೀಯ. ನಿಮ್ಮವ್ವ ಅಷ್ಟೂ ಕಲ್ಸಿಲ್ವಾ?"

ಕೆಸ್ಲರ್ ಸುತ್ತ ನೋಡಿ ಹೆಲ್ಮೆಟ್ಟು ತೆಗೆದ. ಬೆವರಿಗೆ ಕೂದಲು ಹಣೆಗೆ ಅಂಟಿತ್ತು. ಫೋನು ಮತ್ತೆ ಬಡಿದುಕೊಂಡಿತು, ಎತ್ತಲಿಲ್ಲ. ದನಿ ತಗ್ಗಿಸಿ ಹತ್ತಿರ ಬಂದ.

"ಆರ್ವೆಲ್ಲಾ," ಅಂದ. ಮೂರು ವರ್ಷದಲ್ಲಿ ಅವನು ಆ ಹೆಸರು ಹಿಡಿದು ಕರೆದದ್ದು ಅದೇ ಮೊದಲು. "ಆರ್ವೆಲ್ಲಾ, ಪ್ಲೀಸ್. ಒಂದು ಮಾತು. ಹೊರಗೆ ಬಂದೆ ಅಂತ ಒಂದು ಮಾತು ಹೇಳಿಬಿಡು. ನಿನ್ನ ರಜಾ ವಿಷಯ ನಾನು ಮೇಲಿನೋರ ಹತ್ರ ಮಾತಾಡ್ತೀನಿ. ಅರ್ಧ ದಿನ ತಾನೆ, ಹಾಕಿಸ್ತೀನಿ. ಇಡೀ ಲೈನು ನಿಂತುಹೋಗಿದೆ."

ಆರ್ವೆಲ್ಲಾ ಅವನನ್ನು ನೋಡಿದಳು. ಬೆಳಿಗ್ಗೆ ಇದೇ ಮಾತಿಗೆ ಅವನ ಮೇಜಿನ ಮುಂದೆ ಕೈ ಕಟ್ಟಿ ನಿಂತಿದ್ದಳು.

ಅವಳು ಬಗ್ಗಿ ಒಂದು ಹಿಡಿ ಮಣ್ಣು ತೆಗೆದು ಗುಂಡಿಗೆ ಹಾಕಿದಳು. ಮುಚ್ಚಳದ ಮೇಲೆ ಬಿದ್ದ ಸದ್ದಾಯಿತು. ಆಲ್ಟನ್ ಹಾಕಿದ, ಪಾದ್ರಿ ಹಾಕಿದರು, ಸಾಲಾಗಿ ಎಲ್ಲರೂ ಹಾಕಿದರು. ಆಮೇಲೆ ಆಲ್ಟನ್ ಕೈಯಲ್ಲಿದ್ದ ಸಲಿಕೆಯಿಂದ ಮಣ್ಣು ಎಳೆಯತೊಡಗಿದ. ಇನ್ನೊಂದು ಸಲಿಕೆ ಗುಡ್ಡೆಯಲ್ಲೇ ಇತ್ತು.

ಅವಳ ಸೊಂಟದಲ್ಲಿ ರಾಯ್ಸ್‌ನ ದನಿ ಬಂತು. ಕಟ್ಟಳೆ ಪ್ರಕಾರ ಆಗಾಗ ಕೇಳಲೇಬೇಕು, ಕೇಳಿದ. "ಕಂಡಕ್ಟರ್ ಟಬ್ಸ್, ಹೊರಗೆ ಬಂದ್ರಾ?"

ಕೆಸ್ಲರ್ ಹೆಲ್ಮೆಟ್ಟನ್ನು ಎದೆಗೆ ಅವುಚಿಕೊಂಡು ಅವಳ ಬಾಯಿಯನ್ನೇ ನೋಡುತ್ತಿದ್ದ. ಆರ್ವೆಲ್ಲಾ ರೇಡಿಯೋದ ಗುಂಡಿ ಒತ್ತಿದಳು.

"ಇಲ್ಲ ರಾಯ್ಸಣ್ಣಾ. ಇನ್ನೂ ಮಣ್ಣು ಅರ್ಧವೂ ಆಗಿಲ್ಲ."

ರೇಡಿಯೋವನ್ನು ದೊಡ್ಡಮ್ಮನ ತಲೆಯ ಕಡೆಗೆ ಹುಲ್ಲಿನ ಮೇಲಿಟ್ಟಳು. ಇನ್ನೊಂದು ಸಲಿಕೆ ಕಿತ್ತುಕೊಂಡು ಆಲ್ಟನ್ ಪಕ್ಕದಲ್ಲಿ ನಿಂತು ಮಣ್ಣು ಎಳೆಯತೊಡಗಿದಳು.